ಓದುಗರ ಪ್ರಶ್ನೆ: ದೇವಶಾಸ್ತ್ರ ಪದವಿಗೆ ಸೇರುವ ಮುನ್ನ

ಪ್ರಶ್ನೆ: ವಾಣಿಜ್ಯ ಪದವಿ ಮುಗಿಸಿದ್ದೇನೆ. ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದುವ ಆಸೆ. ಚಿಕ್ಕಂದಿನಿಂದ ಸತ್ಯವೇದ (ಬೈಬಲ್) ಓದಿಕೊಂಡೇ ಬೆಳೆದವನು. ಇನ್ನು ಆರು ತಿಂಗಳಿದೆ, ಬೇರೇನು ಓದಬೇಕು?

ಉತ್ತರ: ಆ ಓದು ನಿಮ್ಮ ದೊಡ್ಡ ಆಸ್ತಿ. ಆದರೆ ಪ್ರಾರ್ಥನೆಗೆಂದು ಓದುವಾಗ 'ಇದು ನನಗೇನು ಹೇಳುತ್ತದೆ' ಎಂದು ಕೇಳಿಕೊಳ್ಳುತ್ತೇವೆ; ತರಗತಿಯಲ್ಲಿ 'ಯಾರು, ಯಾವಾಗ, ಯಾರಿಗೆ ಹೇಳಿದ್ದು' ಎಂದು ಕೇಳುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರವಾದಿಗಳನ್ನೇ ನೋಡಿ. ಪುಸ್ತಕದ ಕ್ರಮದಲ್ಲಿ ಆಮೋಸ ಬರುವುದು ಯೆಹೆಜ್ಕೇಲನ ನಂತರ. ಕಾಲದಲ್ಲಿ ಅವನು ಸುಮಾರು ಒಂದೂವರೆ ಶತಮಾನ ಹಿಂದಿನವನು. ಒಂದು ಹಾಳೆಯಲ್ಲಿ ಗೆರೆ ಎಳೆದು ಕ್ರಿ.ಪೂ. 722 (ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯದ ಪತನ), 586 (ಯೆರೂಸಲೇಮಿನ ಪತನ), 520 (ಅಲ್ಲಿನ ದೇವಾಲಯ ಮತ್ತೆ ಕಟ್ಟತೊಡಗಿದ ಕಾಲ) ಎಂದು ಗುರುತು ಹಾಕಿ. ಪ್ರತಿ ಪ್ರವಾದಿಯನ್ನೂ ಅದರ ಮೇಲೆ ಕೂರಿಸಿ: ಆಮೋಸ, ಹೋಶೇಯ 722ಕ್ಕೆ ಮೊದಲು, ಯೆರೆಮೀಯ 586ರ ಆಸುಪಾಸು, ಹಗ್ಗಾಯ 520. ಕ್ರೈಸ್ತ ಸಭೆಯ ಇತಿಹಾಸಕ್ಕೆ ಸದ್ಯಕ್ಕೆ ನಂಬಿಕೆಯ ಸೂತ್ರಗಳನ್ನು ತೀರ್ಮಾನಿಸಿದ ಎರಡು ಮಹಾಸಭೆಗಳು, ಅಂದರೆ ಕ್ರಿ.ಶ. 325ರ ನೈಸಿಯ ಮತ್ತು 451ರ ಕಾಲ್ಸಿಡಾನ್, ಜತೆಗೆ 1517ರಲ್ಲಿ ಸುಧಾರಣೆಯ ಚಳವಳಿ ಶುರುಮಾಡಿದ ಲೂಥರ್, ಇಷ್ಟು ಗಟ್ಟಿಯಾದರೆ ಸಾಕು.

ಉಳಿದ ಸಮಯವನ್ನೆಲ್ಲ ಗ್ರೀಕಿಗೆ ಕೊಡಿ. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆ ಮೂಲದಲ್ಲಿ ಇರುವುದು ಗ್ರೀಕಿನಲ್ಲೇ. ಅದರಲ್ಲಿ ಸುಮಾರು 5,400 ಬೇರೆ ಬೇರೆ ಪದಗಳಿದ್ದರೂ, ಐವತ್ತು ಸಲಕ್ಕಿಂತ ಹೆಚ್ಚು ಬರುವ ಮುನ್ನೂರಿಪ್ಪತ್ತರಷ್ಟು ಪದಗಳೇ ಪಠ್ಯದ ಶೇ. 80ರಷ್ಟನ್ನು ತುಂಬುತ್ತವೆ. ದಿನಕ್ಕೆ ನಾಲ್ಕು ಪದ, ವಾರಕ್ಕೆ ಐದು ದಿನ ಎಂದರೂ ನಾಲ್ಕು ತಿಂಗಳಿಗೆ ಮುಗಿಯಿತು. ವ್ಯಾಕರಣಕ್ಕೆ ಹೆದರಬೇಡಿ, ವಿಭಕ್ತಿ ನಮಗೆ ಹೊಸದಲ್ಲ. ಲೋಗೊಸ್ ಎಂದರೆ ವಾಕ್ಯವು, ಲೋಗೊನ್ ವಾಕ್ಯವನ್ನು, ಲೋಗೂ ವಾಕ್ಯದ. ಪದ ಎಲ್ಲೇ ಕೂತರೂ ಅದರ ಕೆಲಸ ಹೇಳುವುದು ಕೊನೆಯ ಪ್ರತ್ಯಯ, ಕನ್ನಡದ ಹಾಗೆಯೇ. ನಾಮಪದದ ಮುಂದೆ ಬರುವ 'ಹೊ, ಹೇ, ತೊ' ಎಂಬ ಪುಟ್ಟ ಪದದ 24 ರೂಪಗಳನ್ನು ಮೊದಲ ವಾರವೇ ಬಾಯಿಪಾಠ ಮಾಡಿ. ಏಳು ಪದಕ್ಕೊಂದರಂತೆ ಅದೇ ಎದುರಾಗುತ್ತದೆ. ಆಮೇಲೆ ಸರಳ ಪದಗಳ ಯೋಹಾನನ ಸುವಾರ್ತೆಯಿಂದ ಓದಲು ಶುರು ಮಾಡಿ. ಪಕ್ಕದಲ್ಲಿ ಅನುವಾದ ಇಟ್ಟುಕೊಂಡರೆ ಕಣ್ಣು ಅತ್ತಲೇ ಓಡುತ್ತದೆ, ಅದನ್ನು ಮುಚ್ಚಿಡಿ.

ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂವಿನಲ್ಲಿ ಈಗ 22 ಅಕ್ಷರ ತಿದ್ದಿದರೆ ಸಾಕು. ದಾಲೆತ್ ಮತ್ತು ರೇಶ್ ನೋಡಲು ಅವಳಿಗಳು: ದಾಲೆತ್‌ಗೆ ಮೇಲಿನ ಬಲ ಮೂಲೆ ಚೂಪು, ರೇಶ್‌ಗೆ ದುಂಡು. ಅಷ್ಟು ತಪ್ಪಿದರೆ 'ಒಬ್ಬನೇ' ಎಂಬ ಎಹಾದ್, 'ಬೇರೊಬ್ಬ' ಎಂಬ ಅಹೇರ್ ಆಗಿಬಿಡುತ್ತದೆ. ದೇವರು ಒಬ್ಬನೇ ಎಂದು ಸಾರುವ ವಾಕ್ಯದಲ್ಲಿ ಹೀಗಾದರೆ ಹೇಗಿರುತ್ತದೆ ಯೋಚಿಸಿ.

ಪ್ರಶ್ನೆ: ಅರ್ಜಿಯ ಜತೆಗಿನ ಪ್ರಬಂಧದಲ್ಲಿ ಮಗಳು ತನ್ನ ಸಾಕ್ಷಿಯನ್ನಷ್ಟೇ (ತಾನು ನಂಬಿಕೆಗೆ ಬಂದ ಅನುಭವವನ್ನು) ಬರೆದಿದ್ದಾಳೆ. ಸಾಕೇ?

ಉತ್ತರ: ಸಾಲದು. ಸಾಕ್ಷಿ ಕಾಲು ಭಾಗಕ್ಕೆ ನಿಲ್ಲಲಿ. ಉಳಿದದ್ದರಲ್ಲಿ ಅವಳನ್ನು ನಿಜವಾಗಿ ಕಾಡುವ ಒಂದು ಪ್ರಶ್ನೆ ಇರಲಿ. ಉದಾಹರಣೆಗೆ, ತಪ್ಪಿಲ್ಲದೆ ನರಳಿದ ಯೋಬನ ಕತೆಯಲ್ಲಿ ಕೊನೆಗೂ ದೇವರು ಅವನಿಗೆ ಅವನ ಕಷ್ಟದ ಕಾರಣ ಹೇಳುವುದೇ ಇಲ್ಲ, ಏಕೆ? ಅದಕ್ಕೆ ಉತ್ತರ ಬೇಕಿಲ್ಲ. ಯಾವ ಅಧ್ಯಾಯ ಓದಿದಳು, ಎಲ್ಲಿ ಸಿಕ್ಕಿಕೊಂಡಳು ಎಂಬುದು ಕಾಣಬೇಕು.

ಶಿಫಾರಸು ಪತ್ರ ಎರಡು ಕೇಳಿದ್ದರೆ, ಎರಡನ್ನೂ ಸಭೆಯವರಿಂದಲೇ ತರಬೇಡಿ. ಹಾಗೆ ಮಾಡಿದರೆ ಅವಳ ಭಕ್ತಿಗೆ ಇಬ್ಬರು ಸಾಕ್ಷಿ, ಓದಿಗೆ ಯಾರೂ ಇಲ್ಲ. ಒಂದು ಸಭಾಪಾಲಕರದ್ದು, ಇನ್ನೊಂದು ಅವಳ ಬರವಣಿಗೆ ತಿದ್ದಿದ ಅಧ್ಯಾಪಕರದ್ದು ಇರಲಿ. ಆರು ವಾರ ಮೊದಲೇ ಕೇಳಿ, ಅಂಕಪಟ್ಟಿಯ ಪ್ರತಿ ಮತ್ತು ಪ್ರಬಂಧದ ಕರಡನ್ನು ಅವರ ಕೈಗೆ ಕೊಡಿ.