ಊಟ ಆರಿಹೋಗಿತ್ತು, ಸರ್ವಿಸ್ ಕೇಳೋದೇ ಬೇಡ, ಆದ್ರೂ ಪೂರ್ತಿ ಬಿಲ್ ಕಟ್ಟಿ ಬಂದೆ. ಈಗ ಒಂದು ಸ್ಟಾರ್ ಹಾಕ್ಲಾ, ಇಲ್ಲ ದುಡ್ಡು ವಾಪಸ್ ಕೇಳ್ಲಾ?

ನಿಮ್ಮ ಪ್ರಶ್ನೆಲಿ ಮಧ್ಯದಲ್ಲಿ ಒಂದು ಸಾಲಿದೆ, "ವೈಟರ್ ಬಂದು ಕೇಳ್ದಾಗ ಸುಮ್ನೆ ಯಾಕೆ ರಗಳೆ ಅಂತ ಚೆನ್ನಾಗಿದೆ ಅಂದ್ಬಿಟ್ಟೆ" ಅಂತ. ಅದನ್ನ ಓದಿದ್ಮೇಲೆ ಉತ್ತರ ಬರೀದೇ ಇರಕ್ಕೆ ಆಗ್ಲಿಲ್ಲ. ಅದೇ ಮಾತನ್ನ ನಾನೂ ಹೇಳಿದ್ದೆ, ಆರು ವರ್ಷದ ಹಿಂದೆ, ನಮ್ಮಪ್ಪ ರಿಟೈರ್ ಆದ ದಿನ.

ಒಂಬತ್ತು ಜನ ಹೋಗಿದ್ವಿ. ಅಪ್ಪ, ಅಮ್ಮ, ಅಕ್ಕ, ಭಾವ, ಅವರ ಇಬ್ರು ಮಕ್ಕಳು, ನಾನು, ನನ್ನ ಹೆಂಡ್ತಿ, ಆಮೇಲೆ ಅಪ್ಪನ ಜೊತೆ ಒಂದೇ ಆಫೀಸಲ್ಲಿ 30 ವರ್ಷ ಕೆಲಸ ಮಾಡಿದ ಸ್ನೇಹಿತರೊಬ್ರು. ರಾತ್ರಿ 8ಕ್ಕೆ ಟೇಬಲ್ ಬುಕ್ ಮಾಡಿದ್ದೆ, ಕೂತಿದ್ದು 8.40ಕ್ಕೆ. ಅಷ್ಟು ಹೊತ್ತೂ ಬಾಗಿಲ ಹತ್ರ ನಿಂತಿದ್ವಿ, ಅಪ್ಪನಿಗೆ ಮಂಡಿ ನೋವು, ಒಂದು ಕುರ್ಚಿ ಕೊಡೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಕೂತ್ಮೇಲೆ ನೀರಿಗೆ ಎರಡು ಸಲ ಕೇಳ್ಬೇಕಾಯ್ತು. ಆರ್ಡರ್ ತಗೊಂಡ ಹುಡುಗ ಬರ್ಕೊಳ್ಲಿಲ್ಲ, ನೆನಪಿರುತ್ತೆ ಅಂದ, ಎರಡು ಐಟಂ ಬೇರೇದೇ ಬಂತು. ನಾಲ್ಕು ಜನಕ್ಕೆ ಊಟ ಬಂತು, ಉಳಿದ ಐದು ಜನಕ್ಕೆ ಬಂದಿದ್ದು 25 ನಿಮಿಷ ಆದ್ಮೇಲೆ. ಊಟ ಬಂದವ್ರು ಕೈ ಕಟ್ಕೊಂಡು ಕೂತಿದ್ದಾರೆ, ಬರದೇ ಇರೋರು ನೀವು ತಿನ್ನಿ ಆರಿಹೋಗುತ್ತೆ ಅಂತ ಒತ್ತಾಯ ಮಾಡ್ತಿದ್ದಾರೆ, ಮಕ್ಕಳು ಹಸಿವಿಗೆ ರಗಳೆ, ಅಪ್ಪ ಮಾತ್ರ "ಪರವಾಗಿಲ್ಲ, ಪರವಾಗಿಲ್ಲ" ಅಂತಾನೇ ಇದ್ರು. ಆ ಸಂಜೆಗೆ ಅಂತ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಬಂದಿದ್ರು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನೂ ಅಪ್ಪನೂ ಹೇಳಿದ್ದು ಗ್ರಿಲ್ ಮಾಡಿದ ಕೋಳಿ ತೊಡೆ. ಮೇಲ್ಗಡೆ ಕಂದು ಬಣ್ಣ ಚೆನ್ನಾಗೇ ಬಂದಿತ್ತು, ಬೆರಳಿಟ್ರೆ ಸುಡೋ ಅಷ್ಟು ಬಿಸಿ. ಎರಡನೇ ತುತ್ತಿಗೆ ಮೂಳೆ ಹತ್ರ ಹೋದೆ, ಅಲ್ಲಿ ತಣ್ಣಗೆ. ಉಗುರುಬೆಚ್ಚಗೂ ಇರ್ಲಿಲ್ಲ, ಫ್ರಿಜ್ಜಿಂದ ತೆಗೆದ ಹಾಗೆ ತಣ್ಣಗಿತ್ತು. ಎಳೆದ್ರೆ ರಬ್ಬರ್ ಥರ ಜಗ್ಗುತ್ತೆ, ಎಳೆ ಬಿಡ್ತಾ ಇಲ್ಲ, ಫೋರ್ಕಲ್ಲಿ ಬಿಡಿಸಿ ನೋಡಿದ್ರೆ ಒಳಗಿನ ಮಾಂಸ ಗಾಜಿನ ಥರ ಹೊಳೀತಾ ಇದೆ. ಸರಿಯಾಗಿ ಅದೇ ಹೊತ್ತಿಗೆ ವೈಟರ್ ಬಂದು ಭುಜದ ಹತ್ರ ಬಗ್ಗಿ "ಎಲ್ಲಾ ಚೆನ್ನಾಗಿದೆಯಾ ಸರ್?" ಅಂದ. ನಾನು ಫೋರ್ಕ್ ಕೆಳಗಿಟ್ಟು ನಕ್ಕು, "ಹೂಂ, ಚೆನ್ನಾಗಿದೆ" ಅಂದೆ.

ಇದೇ ನೋಡಿ ನಾನು ಮಾಡಿದ ತಪ್ಪು, ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ದಯವಿಟ್ಟು ಓದಿ.

ಆ ಪ್ರಶ್ನೆ ಬರೀ ಮರ್ಯಾದೆಗೆ ಕೇಳೋ ಪ್ರಶ್ನೆ ಅಂದ್ಕೊಂಡಿದ್ದೆ, ಹೇಗಿದ್ದೀರಾ ಅಂದ್ರೆ ಚೆನ್ನಾಗಿದ್ದೀನಿ ಅನ್ನೋ ಥರ. ಆಮೇಲೆ ಹೋಟೆಲ್ ಅಡುಗೆಮನೇಲಿ ಹತ್ತಾರು ವರ್ಷ ಕೆಲಸ ಮಾಡಿದ ಒಬ್ಬರು ಪರಿಚಯ ಆದ್ರು, ಅವರು ಹೇಳಿದ್ದು ಕೇಳಿ ತಲೆ ಮೇಲೆ ನೀರು ಸುರಿದ ಹಾಗಾಯ್ತು. ವೈಟರ್‌ಗಳಿಗೆ ಟ್ರೇನಿಂಗ್ ಕೊಡುವಾಗಲೇ ಹೇಳ್ಕೊಡ್ತಾರಂತೆ, ಪ್ಲೇಟ್ ಇಟ್ಟು ಎರಡು ನಿಮಿಷ ಅಥವಾ ಎರಡು ತುತ್ತು ಆದ್ಮೇಲೆ ಹೋಗಿ ಕೇಳು ಅಂತ. ಯಾಕೆ ಎರಡೇ ತುತ್ತು? ಅಷ್ಟೊತ್ತಿಗೆ ತಿಂದವನಿಗೆ ಗೊತ್ತಾಗಿರುತ್ತೆ, ಆದ್ರೆ ಪ್ಲೇಟ್ ಇನ್ನೂ ತುಂಬಿರುತ್ತೆ, ಒಲೆ ಉರೀತಾ ಇರುತ್ತೆ, ಅಡುಗೆಯವನಿಗೆ ಆ ಟೇಬಲ್ಲಿನ ಆರ್ಡರ್ ನೆನಪಿರುತ್ತೆ, ಬದಲಾಯಿಸಿ ಕೊಟ್ರೂ ಜೊತೇಲಿದ್ದವರ ಊಟ ಮುಗಿಯೋದ್ರೊಳಗೆ ವಾಪಸ್ ಬರುತ್ತೆ. ಅಂದ್ರೆ ಇಡೀ ಸಂಜೇಲಿ ಏನನ್ನಾದ್ರೂ ಸರಿಮಾಡಕ್ಕೆ ಸಾಧ್ಯ ಇದ್ದಿದ್ದು ಅದೊಂದೇ ಗಳಿಗೆ. ಆ ಗಳಿಗೇಲಿ ಆ ಹುಡುಗ ನನ್ನ ಹತ್ರ ಬಂದು ನಿಂತಿದ್ದ, ಬಾಯ್ಬಿಟ್ಟು ಕೇಳಿದ್ದ, ನಾನು ಸುಳ್ಳು ಹೇಳಿ ಕಳಿಸ್ದೆ.

ಯಾಕೆ ಹೇಳ್ದೆ ಅಂತ ಎಷ್ಟು ಸಲ ಯೋಚ್ನೆ ಮಾಡಿದ್ದೀನೋ. ಅಪ್ಪನ ದಿನ ಹಾಳಾಗೋದು ಬೇಡ ಅನ್ಸಿತ್ತು. ಅಪ್ಪನ ಸ್ನೇಹಿತರ ಮುಂದೆ ಇವ್ನು ಜಗಳಗಂಟ ಅನ್ನಿಸ್ಕೊಳ್ಳೋದು ಬೇಡ ಅಂತ ಇತ್ತು. ವಾಪಸ್ ಕಳಿಸಿದ್ರೆ ಎಲ್ಲರೂ ತಿಂದು ಮುಗಿಸಿರ್ತಾರೆ, ನಾನೊಬ್ನೇ ಕೂತು ತಿನ್ಬೇಕು ಅಂತಾನೂ ಇತ್ತು. ಎಲ್ಲಾ ನನ್ನ ಬಗ್ಗೆನೇ. ಎದುರಿಗೆ ಕೂತು ಅದೇ ಟ್ರೇಯಲ್ಲಿ ಬೆಂದ ಅದೇ ಕೋಳಿ ತಿಂತಾ ಇರೋ ಅಪ್ಪನ ಪ್ಲೇಟ್ ಕಡೆ ತಲೆ ಎತ್ತಿ ನೋಡ್ಲೇ ಇಲ್ಲ. ಅಪ್ಪ ತಟ್ಟೇಲಿ ಒಂದು ಅಗುಳು ಬಿಡೋರಲ್ಲ. ಪೂರ್ತಿ ತಿಂದ್ರು. ನಾನು ಅರ್ಧ ತಿಂದು ಉಳಿದಿದ್ದನ್ನ ಟಿಶ್ಯೂ ಕೆಳಗೆ ಮುಚ್ಚಿಟ್ಟೆ.

ಬಿಲ್ ಬಂದಾಗ ಮಾತ್ರ ಸಿಟ್ಟು ಉಕ್ಕಿ ಬಂತು. ಎರಡು ಗಂಟೆ ನುಂಗ್ಕೊಂಡಿದ್ದೆಲ್ಲಾ ಒಟ್ಟಿಗೆ ಹೊರಗೆ ಬಂತು, ಲೇಟಾಗಿದ್ದು, ನೀರು, ತಪ್ಪಾದ ಐಟಂ, ಹಸಿ ಕೋಳಿ, ಎಲ್ಲಾ ಸೇರಿಸಿ ಆ ಹುಡುಗನ ಮೇಲೆ ಕೂಗಾಡ್ದೆ. ಮ್ಯಾನೇಜರ್ ಬಂದ್ರು, ಮೆತ್ತಗೆ "ಸರ್, ಕೇಳ್ದಾಗ ಚೆನ್ನಾಗಿದೆ ಅಂದ್ರಂತಲ್ಲ" ಅಂದ್ರು. ನನ್ನತ್ರ ಉತ್ತರ ಇರ್ಲಿಲ್ಲ. ಪೂರ್ತಿ ಬಿಲ್ ಕಟ್ಟಿ ಬಂದೆ. ರಾತ್ರಿ ಒಂದು ಗಂಟೆಗೆ ಹಾಸಿಗೇಲಿ ಬಿದ್ಕೊಂಡು ಒಂದು ಸ್ಟಾರ್ ಹಾಕಿ ಆ ಹುಡುಗನ್ನ ಸೋಮಾರಿ, ಕೆಲಸಕ್ಕೆ ಬಾರದವನು ಅಂತೆಲ್ಲಾ ಬರ್ದೆ. ಕೋಳಿ ಬೆಂದಿರ್ಲಿಲ್ಲ ಅನ್ನೋದು ಅದರಲ್ಲಿ ಕೊನೇ ಸಾಲಲ್ಲಿತ್ತು, ಅದೂ ಅರ್ಧ ಸಾಲು.

ಮೂರನೇ ದಿನ ಅಪ್ಪನಿಗೆ ಜ್ವರ, ಹೊಟ್ಟೆನೋವು, ಬೇಧಿ. ಸಂಜೆ ಹೊತ್ತಿಗೆ ಎದ್ದು ಬಾತ್‌ರೂಮಿಗೆ ಹೋಗಕ್ಕೂ ಶಕ್ತಿ ಇರ್ಲಿಲ್ಲ. ಎರಡು ರಾತ್ರಿ ಆಸ್ಪತ್ರೇಲಿ ಡ್ರಿಪ್ ಹಾಕಿ ಮಲಗಿಸಿದ್ರು. ಟೆಸ್ಟಲ್ಲಿ ಬಂದಿದ್ದು ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆನೇ, ಹಿಂದಿನ ಎರಡರಿಂದ ಐದು ದಿನದಲ್ಲಿ ಸರಿಯಾಗಿ ಬೇಯದ ಕೋಳಿ ತಿಂದಿದ್ರಾ ಅಂತ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಹೊಟ್ಟೆ ಕೆಟ್ರೆ ಹಿಂದಿನ ರಾತ್ರಿ ತಿಂದಿದ್ದನ್ನ ಬೈತೀವಿ, ಆದ್ರೆ ಈ ಬ್ಯಾಕ್ಟೀರಿಯಾಗೆ ಸಾಮಾನ್ಯವಾಗಿ 2ರಿಂದ 5 ದಿನ ಬೇಕು, ಸಾಲ್ಮೊನೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಆದ್ರೆ 6 ಗಂಟೆಯಿಂದ 6 ದಿನದ ತನಕ ಯಾವಾಗ ಬೇಕಾದ್ರೂ.

ಹೋಟೆಲ್‌ಗೆ ಫೋನ್ ಮಾಡ್ದೆ. ಅದೇ ಮ್ಯಾನೇಜರ್. ಈ ಸಲ ನಾನು ಕೂಗಾಡ್ಲಿಲ್ಲ, ಏನಾಯ್ತು ಅಂತ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅವತ್ತೇ ಹೇಳಿದ್ರೆ ಆ ಟ್ರೇ ಪೂರ್ತಿ ತೆಗೆಸ್ತಿದ್ದೆ ಸರ್, ಅದರಲ್ಲಿ ಇನ್ನೂ ಬೇರೆ ಟೇಬಲ್‌ಗಳಿಗೆ ಹೋಗೋದಿತ್ತು" ಅಂದ್ರು. ಅಪ್ಪನಿಗೆ ಕಾಯಿಲೆ ಬಂದಿದ್ದು ಅಲ್ಲಿಂದಲೇ ಅಂತ ನಾನು ಇವತ್ತಿಗೂ ಸಾಬೀತು ಮಾಡಕ್ಕಾಗಲ್ಲ. ಸಾಬೀತು ಮಾಡೋ ದಾರಿನ ನಾನೇ ಮುಚ್ಚಿದ್ದು, ಟಿಶ್ಯೂ ಕೆಳಗೆ. ಆದ್ರೆ ಅವತ್ತು ರಾತ್ರಿ ನಮ್ಮ ಪಕ್ಕದ ಟೇಬಲ್ಲಲ್ಲಿ ಅದೇ ಪ್ಲೇಟ್ ತಗೊಂಡವ್ರು ಯಾರು, ಅವರ ಮನೇಲಿ ವಯಸ್ಸಾದವ್ರು ಯಾರಾದ್ರೂ ಇದ್ರಾ ಅನ್ನೋದು ನನ್ನನ್ನ ತುಂಬಾ ದಿನ ಕಾಡ್ತು.

ಅಲ್ಲಿಂದಾಚೆ ಇದರ ಬಗ್ಗೆ ಸಿಕ್ಕಿದ್ದೆಲ್ಲಾ ಓದ್ದೆ. ಕೋಳಿ ಬೆಂದಿದೆ ಅಂತ ನಂಬಕ್ಕೆ ಮಧ್ಯಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಣ್ಣ ನೋಡಿ ಹೇಳಕ್ಕಾಗಲ್ಲ, ಎಳೇ ಕೋಳಿ ಆದ್ರೆ ಮೂಳೆ ಮಜ್ಜೆಯಿಂದ ಬಣ್ಣ ಇಳಿದು ಪೂರ್ತಿ ಬೆಂದ ಮೇಲೂ ಗುಲಾಬಿ ಕಾಣ್ಬಹುದು. ಆದ್ರೆ ಮೇಲೆ ಸುಡೋ ಬಿಸಿ ಒಳಗೆ ತಣ್ಣಗೆ ಅಂದ್ರೆ ಅದಕ್ಕೆ ಥರ್ಮಾಮೀಟರ್ ಬೇಕಾಗಿಲ್ಲ. ಹಾಗೇ ಬೆಂದ ಊಟ 5ರಿಂದ 60 ಡಿಗ್ರಿ ಮಧ್ಯೆ ಹೆಚ್ಚು ಹೊತ್ತು ಇರಬಾರದು, ಎರಡು ಗಂಟೆ ದಾಟಿದ್ರೆ ಬಿಸಾಕು ಅಂತಾರೆ, ಆ ಬಿಸೀಲಿ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಂದ್ಸಲ ದುಪ್ಪಟ್ಟಾಗುತ್ತೆ. ಅನ್ನದ ವಿಷಯ ಇನ್ನೂ ಹುಷಾರು. ಹೊರಗಡೆ ಹಾಗೇ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿದ್ರೆ, ಮತ್ತೆ ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ. ಅದಕ್ಕೇ ಆರಿಹೋದ ಊಟನ ಬರೀ ರುಚಿ ಕೆಟ್ಟಿದ್ದು ಅಂತ ಸುಮ್ನೆ ನುಂಗ್ಬೇಡಿ.

ಸರಿ, ನೀವು ಕೇಳಿದ್ದು ಸ್ಟಾರಾ ದುಡ್ಡಾ ಅಂತ. ನನ್ನ ಕೇಳಿದ್ರೆ ಸದ್ಯಕ್ಕೆ ಎರಡೂ ಬೇಡ.

ದುಡ್ಡು ಯಾಕೆ ಬೇಡ ಅಂದ್ರೆ, ಚೆನ್ನಾಗಿದೆ ಅಂದು, ತಟ್ಟೆ ಖಾಲಿ ಮಾಡಿ, ಬಿಲ್ ಕಟ್ಟಿ ಬಂದಿದ್ದೀರಿ. ಅದನ್ನ ಮುಂದಿಟ್ಕೊಂಡು ಅವರು ಇಲ್ಲ ಅಂದ್ರೆ ನೀವು ಇನ್ನೊಂದು ವಾರ ಕುದೀತೀರಿ, ಅಷ್ಟೇ. ಅವರಾಗೇ ಕೊಟ್ರೆ ತಗೊಳ್ಳಿ.

ಸ್ಟಾರ್ ವಿಷಯ ನನಗೆ ಹಗುರ ಅನ್ನಿಸಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಯೆಲ್ಪ್ ಅನ್ನೋ ರಿವ್ಯೂ ಸೈಟಿನ ರೇಟಿಂಗ್‌ಗಳನ್ನ ರೆಸ್ಟೋರೆಂಟ್‌ಗಳ ಆದಾಯದ ಜೊತೆ ಇಟ್ಟು ನೋಡಿದ್ರು, ಒಂದು ಸ್ಟಾರ್ ಏರಿದ್ರೆ ಆದಾಯ 5ರಿಂದ 9 ಪರ್ಸೆಂಟ್ ಏರುತ್ತೆ ಅಂತ ಬಂತು, ಅದೂ ದೊಡ್ಡ ಚೈನ್‌ಗಳಿಗೆ ಏನೂ ಆಗಲ್ಲ, ಸ್ವಂತವಾಗಿ ನಡೆಸೋ ಚಿಕ್ಕ ಜಾಗಗಳಿಗೇ ತಟ್ಟೋದು. ನೀವು ಒಬ್ರು ಹಾಕೋದ್ರಿಂದ ಸರಾಸರಿ ಅಷ್ಟು ಇಳಿಯಲ್ಲ ನಿಜ, ಆದ್ರೆ ಒಬ್ಬರ ಅನ್ನದ ಲೆಕ್ಕ ಅದು, ಸಿಟ್ಟಲ್ಲಿ ಬರೀಬಾರದು. ನಾನು ಬರ್ದಿದ್ದನ್ನ ಆಮೇಲೆ ತೆಗೆದು ಬೇರೆ ಬರ್ದೆ, ದಿನ, ಹೊತ್ತು, ಏನು ತಿಂದೆ, ಒಳಗೆ ಹೇಗಿತ್ತು, ಕೇಳ್ದಾಗ ನಾನು ಏನು ಹೇಳ್ದೆ, ಅಷ್ಟೂ. ಆ ಹುಡುಗನ ಬಗ್ಗೆ ಒಂದಕ್ಷರ ಇಲ್ಲ.

ಆ ಹುಡುಗನ ವಿಷಯ ಬಂದಿದ್ದಕ್ಕೆ ಹೇಳ್ತೀನಿ, ನೀವೂ ವೈಟರ್ ತಿರುಗಿ ನೋಡ್ಲಿಲ್ಲ ಅಂತ ಅವನನ್ನೇ ಗುರಿ ಮಾಡಿದ್ದೀರಿ. ಊಟ ಆರಿದ್ದಕ್ಕೆ ಅವನು ಕಾರಣ ಅಂತ ನಿಮಗೆ ಹೇಗೆ ಗೊತ್ತು? ಒಂದು ಟೇಬಲ್ಲಿಗೆ ಐದಾರು ಥರ ಹೇಳಿದ್ರೆ ಒಂದು ಐದು ನಿಮಿಷದ್ದು, ಇನ್ನೊಂದು ಇಪ್ಪತ್ತು ನಿಮಿಷದ್ದು. ಒಳಗಡೆ ಯಾರೂ ಹೊತ್ತು ಹೊಂದಿಸದೇ ಇದ್ರೆ ಮೊದಲು ಆಗಿದ್ದು ಕಟ್ಟೆ ಮೇಲೆ ಊಟ ಬಿಸಿ ಇಡೋ ದೀಪದ ಕೆಳಗೆ ಕೂರುತ್ತೆ, ಆ ದೀಪ ಮೇಲಿಂದ ಅಂಚು ಒಣಗಿಸುತ್ತೆ, ಅಡಿ ಆರ್ತಾ ಹೋಗುತ್ತೆ. ಹೊರಗೆ ನಾಲ್ಕು ಟೇಬಲ್ ನೋಡ್ಕೊಳ್ಬೇಕಾದವನಿಗೆ ಒಬ್ರು ರಜಾ ಅಂತ ಎಂಟು ಟೇಬಲ್ ಕೊಟ್ಟಿರ್ತಾರೆ. ಆ ಹೋಟೆಲ್ ಮ್ಯಾನೇಜರ್ ಹೇಳಿದ್ದೂ ಅದನ್ನೇ, ಅವತ್ತು ಗ್ರಿಲ್ ನೋಡ್ಕೊಳ್ಳೋರು ಬಂದಿರ್ಲಿಲ್ಲ. ನಾನು ಸೋಮಾರಿ ಅಂದ ಹುಡುಗ ಆ ರಾತ್ರಿ ಇಬ್ಬರ ಕೆಲಸ ಮಾಡ್ತಿದ್ದನಂತೆ. ಅವನ ಹತ್ರ ಕ್ಷಮೆ ಕೇಳೋಣ ಅಂತ ಹೋಗೋ ಹೊತ್ತಿಗೆ ಅವನು ಕೆಲಸ ಬಿಟ್ಟಿದ್ದ.

ಹಾಗಾಗಿ ನೀವು ಇಷ್ಟು ಮಾಡಿ. ನಾಳೆ ಮಧ್ಯಾಹ್ನದ ಊಟ ಮುಗಿದು ರಾತ್ರಿಯದು ಶುರು ಆಗೋ ಮುಂಚೆ, ಮೂರೂವರೆ ನಾಲ್ಕರ ಹೊತ್ತಿಗೆ ಫೋನ್ ಮಾಡಿ ಮ್ಯಾನೇಜರ್ ಕೇಳಿ. ರಶ್ ಹೊತ್ತಲ್ಲಿ ಮಾಡಿದ್ರೆ ಹೂಂ ಹೂಂ ಅಂತ ಇಟ್ಬಿಡ್ತಾರೆ. ಎಷ್ಟು ಗಂಟೆಗೆ ಬಂದ್ರಿ, ಯಾವ ಟೇಬಲ್, ಯಾವ ಐಟಂ ಆರಿಹೋಗಿತ್ತು, ಹೇಳಿ. ಕೇಳ್ದಾಗ ಚೆನ್ನಾಗಿದೆ ಅಂದಿದ್ದೆ, ಅದು ನನ್ನ ತಪ್ಪು ಅಂತ ನೀವೇ ಮೊದಲು ಹೇಳ್ಬಿಡಿ, ಆಮೇಲೆ ಅವರಿಗೆ ವಾದ ಮಾಡಕ್ಕೆ ಏನೂ ಉಳಿಯಲ್ಲ, ಮಿಕ್ಕಿದ್ದು ಗಮನ ಇಟ್ಟು ಕೇಳ್ತಾರೆ. ಅವರು ಹೇಗೆ ಮಾತಾಡಿದ್ರು ಅನ್ನೋದು ನೋಡ್ಕೊಂಡು ರಿವ್ಯೂ ಬರೀರಿ.

ಮುಂದಿನ ಸಲ ಎರಡನೇ ತುತ್ತಿಗೇ ಹೇಳಿ. "ಇದು ಒಳಗೆ ತಣ್ಣಗಿದೆ, ಒಂದ್ಸಲ ನೋಡ್ತೀರಾ" ಅಂದ್ರೆ ಸಾಕು, ದನಿ ಏರಿಸ್ಬೇಕಾಗಿಲ್ಲ. ಪ್ಲೇಟ್ ಕೊಟ್ಬಿಡಿ, ಅರ್ಧ ತಿಂದು ಕೊಡಬೇಡಿ. ಅದೇ ಐಟಂ ಟೇಬಲ್ಲಲ್ಲಿ ಬೇರೆಯವರೂ ತಗೊಂಡಿದ್ರೆ ಅವರ ಕೈಯನ್ನೂ ತಡೀರಿ.

ಆಮೇಲೆ ಆ ಬಿಲ್ ಬಿಸಾಕ್ಬೇಡಿ. ನಿಮ್ಮ ಜೊತೆ ಬಂದವರಿಗೆಲ್ಲಾ ಇವತ್ತೇ ಒಂದು ಮೆಸೇಜ್ ಹಾಕಿ, ಇನ್ನೊಂದು ಐದಾರು ದಿನ ಯಾರಿಗಾದ್ರೂ ಜ್ವರ ಬೇಧಿ ಕಾಣಿಸ್ಕೊಂಡ್ರೆ ಡಾಕ್ಟರ್‌ಗೆ ಆ ತಾರೀಖು, ತಿಂದ ಐಟಂ ಎರಡೂ ಹೇಳೋದಕ್ಕೆ. ವಯಸ್ಸಾದವ್ರು, ಚಿಕ್ಕ ಮಕ್ಕಳು, ಬಸುರಿ ಹೆಂಗಸರು ಇದ್ರೆ ಮೆಸೇಜ್ ಬೇಡ, ಫೋನೇ ಮಾಡಿ.