ಓದುಗರ ಪ್ರಶ್ನೆ: ಎಣಿಸಿ ಕಟ್ಟಿದ ಪಾಲಿಮರ್ ಸರಪಳಿ

ಪ್ರಶ್ನೆ: ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು ನಾನು. ಪುಣೆಯಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಮಗಳು, ವಂಶವಾಹಿಯನ್ನು ಜೀವಕೋಶದೊಳಕ್ಕೆ ಒಯ್ಯುವ ಕರಾರುವಾಕ್ಕಾದ ಪಾಲಿಮರ್ ತಯಾರಿಸುತ್ತಿದ್ದೇನೆ ಎನ್ನುತ್ತಾಳೆ. ನಮಗೆ ಪಾಲಿಮರ್ ಎಂದರೆ ಮೂಟೆಯಲ್ಲಿ ಬರುವ ದಾಣಾ, ಅಂದರೆ ಪ್ಲಾಸ್ಟಿಕ್ ಕಾಳು. ಗ್ರೇಡ್ ಸರಿಯಿದ್ದರೆ ಸಾಲದೇ?
– ಓದುಗರು, ವಸಾಯಿ

ಉತ್ತರ: ಮಾನ್ಯರೇ, ಗ್ರೇಡ್ ತಿಳಿಯಲು ನೀವು ನೋಡುತ್ತಿದ್ದ ಮೆಲ್ಟ್ ಫ್ಲೋ ಇಂಡೆಕ್ಸ್‌ನಿಂದಲೇ ಆರಂಭಿಸೋಣ. ಕರಗಿದ ಪ್ಲಾಸ್ಟಿಕ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಒಳಗಿನ ಅಣುಸರಪಳಿಗಳೆಲ್ಲ ಒಂದೇ ಉದ್ದದವು ಎಂದಲ್ಲ. ಒಂದೇ ಕಾಳಿನಲ್ಲಿ ಗಿಡ್ಡ ಸರಪಳಿಗಳೂ ನೀಳ ಸರಪಳಿಗಳೂ ಬೆರೆತಿರುತ್ತವೆ. ಮಾಟುಂಗಾದಲ್ಲಿ ಮೊಳ ಮಲ್ಲಿಗೆ ಕೊಂಡವರು ಮೊಗ್ಗು ಎಣಿಸುವುದಿಲ್ಲ. ಹಾಗೆಯೇ ಬಕೆಟ್ ಎರೆಯುವುದಕ್ಕೂ ಸರಾಸರಿ ಧಾರಾಳವಾಗಿ ಸಾಕು. ಮಗಳ ಕೆಲಸಕ್ಕೆ ಅದು ಏಕೆ ಸಾಲದೆಂದು ತಿಳಿಯಲು ಸಾಗಣೆಯ ದಾರಿಯನ್ನು ನೋಡಬೇಕು.

ಡಿಎನ್‌ಎಯ ಬೆನ್ನೆಲುಬಿನ ಪ್ರತಿಯೊಂದು ಫಾಸ್ಫೇಟ್ ಗುಂಪೂ ಋಣಾವೇಶ ಹೊತ್ತಿರುತ್ತದೆ. ಕೋಶದ ಹೊರಪೊರೆಯೂ ಋಣಾವೇಶದ್ದೇ ಆದುದರಿಂದ ಬರಿಯ ಡಿಎನ್‌ಎ ಒಳಹೋಗಲಾರದು, ರಕ್ತದಲ್ಲಿ ಬಿಟ್ಟರೆ ಕಿಣ್ವಗಳು ಅದನ್ನು ಕತ್ತರಿಸಿಬಿಡುತ್ತವೆ. ಅಮೀನ್ ಗುಂಪುಗಳಿಂದ ಧನಾವೇಶ ಪಡೆದ ಪಾಲಿಮರನ್ನು ಬೆರೆಸಿದಾಗ ಎರಡೂ ಒಂದನ್ನೊಂದು ಸೆಳೆದು, ಸುಮಾರು 100 ನ್ಯಾನೋಮೀಟರ್ ಗಾತ್ರದ ಗಂಟಾಗುತ್ತವೆ. ಕೋಶವು ಆ ಗಂಟನ್ನು ಎಂಡೋಸೋಮ್ ಎಂಬ ಚೀಲದಲ್ಲಿ ಒಳಕ್ಕೆಳೆದುಕೊಳ್ಳುತ್ತದೆ. ಚೀಲ ಕ್ರಮೇಣ ಆಮ್ಲೀಯವಾಗುತ್ತದೆ, ಬೇಗ ತಪ್ಪಿಸಿಕೊಳ್ಳದಿದ್ದರೆ ಸರಕು ಅಲ್ಲಿಯೇ ಜೀರ್ಣವಾಗುತ್ತದೆ. ತಪ್ಪಿಸಿಕೊಂಡ ಮೇಲೂ ಪಾಲಿಮರ್ ತನ್ನ ಹಿಡಿತವನ್ನು ಸಡಿಲಿಸಬೇಕು, ಡಿಎನ್‌ಎ ಕೋಶಕೇಂದ್ರವನ್ನು ಸೇರಬೇಕು. ಹೊರಗಿರುವಾಗ ಬಿಗಿಯಾಗಿ ಹಿಡಿಯಬೇಕು, ಒಳಗೆ ಬಂದೊಡನೆ ಬಿಟ್ಟುಕೊಡಬೇಕು. ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಕಷ್ಟ ಇದೇ.

ಪಾಲಿಎಥಿಲಿನ್‌ಇಮೀನ್ ಎಂಬ ಪಾಲಿಮರ್ ಈ ಕೆಲಸ ಮಾಡಬಲ್ಲದೆಂದು 1995ರಲ್ಲಿ ಫ್ರಾನ್ಸಿನ ಝಾನ್-ಪಾಲ್ ಬೆಹ್ರ್ ಮತ್ತು ಸಂಗಡಿಗರು ತೋರಿಸಿದರು. ಇಂದಿಗೂ ಹೊಸ ಪಾಲಿಮರುಗಳನ್ನು ಅದರೊಂದಿಗೆ ಹೋಲಿಸಿ ನೋಡುವ ರೂಢಿಯಿದೆ. ಆದರೆ ಅದರ ನೀಳ ಸರಪಳಿಗಳು ಚೆನ್ನಾಗಿ ಸಾಗಿಸುತ್ತವೆ, ಜೊತೆಗೆ ಪೊರೆಯನ್ನು ಘಾಸಿಗೊಳಿಸುತ್ತವೆ. ಗಿಡ್ಡವು ಸೌಮ್ಯ, ಸಾಗಣೆಯಲ್ಲಿ ದುರ್ಬಲ. ಸರಾಸರಿ ಅಣುತೂಕ 25,000 ಎಂದು ಬರೆದ ಬಾಟಲಿಯಲ್ಲಿ ಬಗೆಬಗೆಯ ಉದ್ದಗಳೂ ಕವಲುಗಳೂ ಕೂಡಿರುವಾಗ, ಸರಕನ್ನು ತಲುಪಿಸಿದ ಸರಪಳಿ ಯಾವುದು, ಕೋಶವನ್ನು ಕೊಂದದ್ದು ಯಾವುದು ಎಂದು ಬೇರ್ಪಡಿಸಿ ಹೇಳುವುದು ಹೇಗೆ? ಆ ಬಾಟಲಿಯಿಂದ ಕಲಿತು ಮುಂದಿನದನ್ನು ಸುಧಾರಿಸಲು ಆಗುವುದಿಲ್ಲ. ಮಗಳು ಕರಾರುವಾಕ್ಕು ಎನ್ನುವುದು ಇದಕ್ಕಾಗಿ.

ಅದಕ್ಕೆ ಹಲವು ದಾರಿಗಳಿವೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ರಾಫ್ಟ್ ವಿಧಾನದಲ್ಲಿ ಸರಪಳಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಬೆಳೆಯುವುದರಿಂದ ಉದ್ದದ ವ್ಯತ್ಯಾಸ ಬಹಳ ತಗ್ಗುತ್ತದೆ, ಪೂರ್ತಿ ಅಳಿಯುವುದಿಲ್ಲ. ಎಲ್ಲ ಅಣುಗಳೂ ಒಂದೇ ಆಗಬೇಕಿದ್ದರೆ, ಪೆಪ್ಟೈಡುಗಳಿಗಾಗಿ (ಅಮೈನೋ ಆಮ್ಲಗಳ ಕಿರು ಸರಪಳಿಗಳಿಗಾಗಿ) ಅಮೆರಿಕದ ರಸಾಯನವಿಜ್ಞಾನಿ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ ಘನಾಧಾರ ವಿಧಾನವನ್ನು ಹಿಡಿಯಬೇಕು: ರಾಳದ ಮಣಿಗೆ ಒಂದು ಘಟಕವನ್ನು ಕಟ್ಟಿ, ತೊಳೆದು, ಮುಂದಿನದನ್ನು ಕಟ್ಟುವುದು. ಇದು ತಾಳ್ಮೆ ಬೇಡುವ ಕೆಲಸ. ಪ್ರತಿ ಹಂತವೂ ನೂರಕ್ಕೆ 99 ಪಾಲು ಯಶಸ್ವಿಯಾದರೂ 50 ಹಂತ ಮುಗಿಯುವಾಗ ಸರಿಯಾದ ಸರಪಳಿ ಸುಮಾರು 60 ಪಾಲು ಮಾತ್ರ ಉಳಿದಿರುತ್ತದೆ.

ಇಷ್ಟು ಶ್ರಮಕ್ಕೆ ಪ್ರತಿಫಲವಿದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಅರ್ನ್‌ಸ್ಟ್ ವಾಗ್ನರ್ ಅವರ ತಂಡ ಹೀಗೆ ಕಟ್ಟಿದ ಸರಪಳಿಗಳಲ್ಲಿ ಆಮ್ಲವನ್ನು ಹೀರಿಕೊಳ್ಳುವ ಹಿಸ್ಟಿಡಿನ್, ಪೊರೆಯೊಡನೆ ಬೆರೆಯುವ ಕೊಬ್ಬಿನಾಮ್ಲ, ಗಂಧಕದ ಕೊಂಡಿ ಹಾಕುವ ಸಿಸ್ಟೀನ್ ಇವುಗಳನ್ನು ಬೇಕಾದ ಸ್ಥಾನದಲ್ಲಿಯೇ ಇರಿಸಿ ಪರೀಕ್ಷಿಸಿದೆ. ಈ ಗಂಧಕದ ಕೊಂಡಿಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ರಕ್ತದಲ್ಲಿ ಅದು ಗಂಟನ್ನು ಬಿಗಿಯಾಗಿಡುತ್ತದೆ. ಇಂತಹ ಕೊಂಡಿಯನ್ನು ಮುರಿಯುವ ಗ್ಲುಟಥಯೋನ್ ಎಂಬ ಅಣು ಹೇರಳವಾಗಿರುವ ಕೋಶದೊಳಗೆ ತಾನಾಗಿ ತುಂಡಾಗುತ್ತದೆ. ಮೇಲೆ ಹೇಳಿದ ಕಷ್ಟಕ್ಕೆ ನೇರವಾದ ಉತ್ತರವದು. ಒಂದು ಘಟಕ ಬದಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇಂತಹ ಅಣುಗಳಿಂದಷ್ಟೇ ಸ್ಪಷ್ಟ ಉತ್ತರ ದೊರೆಯುತ್ತದೆ.

ಪ್ರಶ್ನೆ: ವೈರಸ್ಸುಗಳೇ ಈ ಕೆಲಸ ಮಾಡುತ್ತಿರುವಾಗ ಪಾಲಿಮರ್ ಏಕೆ ಬೇಕು?
– ವಿದ್ಯಾರ್ಥಿನಿ, ಪಿಂಪ್ರಿ

ಉತ್ತರ: ವೈರಸ್ಸುಗಳು ಇಂದಿಗೂ ಹೆಚ್ಚು ದಕ್ಷ ವಾಹಕಗಳೇ. ಮುಂಬಯಿಯ ಐಐಟಿ ಹಾಗೂ ಟಾಟಾ ಸ್ಮಾರಕ ಕೇಂದ್ರದ ಸಹಯೋಗದಿಂದ ಮೂಡಿ 2023ರಲ್ಲಿ ಅನುಮೋದನೆ ಪಡೆದ ನೆಕ್ಸ್‌ಕಾರ್19 ಕ್ಯಾನ್ಸರ್ ಚಿಕಿತ್ಸೆಯಲ್ಲಿಯೂ ರೋಗಿಯ ಟಿ-ಕೋಶಗಳಿಗೆ (ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿರಕ್ತಕಣಗಳಿಗೆ) ವಂಶವಾಹಿಯನ್ನು ಸೇರಿಸುವುದು ಲೆಂಟಿವೈರಸ್ಸಿನಿಂದ ರೂಪಿಸಿದ ವಾಹಕವೇ. ಆದರೆ ದೇಹದ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತಿಸಿ ಎದುರಿಸಬಹುದು, ಅದರಿಂದ ಮರುಚಿಕಿತ್ಸೆ ಕಷ್ಟವಾಗುತ್ತದೆ. ಸರಕಿಗೂ ಮಿತಿಯಿದೆ: ಬಹಳವಾಗಿ ಬಳಕೆಯಲ್ಲಿರುವ ಎಎವಿ (ಅಡಿನೋ-ಅಸೋಸಿಯೇಟೆಡ್ ವೈರಸ್) ಎಂಬ ವೈರಸ್ಸಿನಲ್ಲಿ ಸುಮಾರು 4,700 ಅಕ್ಷರಗಳಷ್ಟು ಡಿಎನ್‌ಎ ಹಿಡಿಸುತ್ತದೆ, ಸ್ನಾಯುಕ್ಷಯಕ್ಕೆ ಸಂಬಂಧಿಸಿದ ಡಿಸ್ಟ್ರೋಫಿನ್ ಪ್ರೋಟೀನಿನ ಪೂರ್ಣ ಸಂಕೇತಕ್ಕೆ ಸುಮಾರು 11,000 ಬೇಕು. ಪಾಲಿಮರಿನ ಗಂಟಿಗೆ ಅಂತಹ ಕಟ್ಟುನಿಟ್ಟಾದ ಅಳತೆಯಿಲ್ಲ.