ಎರಡು ಲೇಖನ ಒಂದರೊಳಗೆ ಸೇರಿಸಿದ್ದೀರಿ, ಬಿಡಿಸಿ ಕಳಿಸಿ

ನಮಸ್ತೆ. ನಿಮ್ಮ ಲೇಖನ ಪೂರ್ತಿ ಓದಿದೆ. ಈಗ ಇರುವ ಹಾಗೆ ಹಾಕ್ಲಿಕ್ಕೆ ಆಗುದಿಲ್ಲ, ಆದ್ರೆ ಹಾಗೇ ಬಿಟ್ಟುಬಿಡ್ಲಿಕ್ಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಮೊದಲರ್ಧ ಕಟ್ಟಡದ ಲೈಫ್ ಸೈಕಲ್ ಕಾಸ್ಟ್, ಅಂದ್ರೆ ಕಟ್ಟುದರಿಂದ ಕೆಡಹುವವರೆಗಿನ ಒಟ್ಟು ಖರ್ಚು, ಉಳಿದರ್ಧ ಮೊಬೈಲ್ ಬ್ಯಾಂಕಿಂಗ್ ಯಾರು ಬಳಸ್ತಾರೆ, ಯಾಕೆ ಅಂತ. ಎರಡಕ್ಕೂ ನಡುವೆ ಇರುದು "ಎರಡೂ ಆರ್ಥಿಕ ನಿರ್ಧಾರಗಳೇ" ಅನ್ನುವ ಒಂದೇ ವಾಕ್ಯ. ಅದು ಸಾಲುದಿಲ್ಲ ಮಾರಾಯ್ರೆ, ಕಾಲೇಜಿನ ಎರಡು ಪ್ರಾಜೆಕ್ಟ್ ಅಂಟಿಸಿದ್ದು ಅಂತ ಓದುವವರಿಗೆ ಕೂಡ್ಲೇ ಗೊತ್ತಾಗ್ತದೆ.

ಕಟ್ಟಡದ ಭಾಗದಲ್ಲಿ ನಿಮ್ಮ ಹತ್ರ ಸರಕು ಉಂಟು. ಕಟ್ಟುವ ಖರ್ಚಷ್ಟೇ ಅಲ್ಲ, ಕರೆಂಟು, ನೀರು, ಪೇಂಟು, ರಿಪೇರಿ, ಕೊನೆಗೆ ಕೆಡಹುದು ಎಲ್ಲ ಸೇರ್ತದೆ ಅಂತ ವಿವರಿಸಿ ಅಲ್ಲಿಗೇ ನಿಲ್ಲಿಸಿದ್ದೀರಿ, ನಿಜವಾಗಿ ಅಲ್ಲಿಂದಲೇ ಶುರು ಮಾಡ್ಬೇಕಿತ್ತು. ಮಂಗಳೂರಿನ ಮಳೆ, ಉಪ್ಪುಗಾಳಿಗೆ ತುಕ್ಕು ಹಿಡಿದು ಕಾಂಕ್ರೀಟನ್ನೇ ಸೀಳುವ ಸರಳು, ಸೋರುವ ಟೆರೇಸು, ಆಮೇಲೆ ಅದರ ಮೇಲೆ ಹಾಕಿಸುವ ಶೀಟು, ಆ ಶೀಟಿನ ಖರ್ಚು ಮೊದಲ ಎಸ್ಟಿಮೇಟಿನಲ್ಲಿ ಯಾರು ಬರೀತಾರೆ ಹೇಳಿ? ಹಂಚಿನ ಮಾಡನ್ನೂ (ಛಾವಣಿ) ಆರ್‌ಸಿಸಿ ಸ್ಲ್ಯಾಬನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹಂಚಿನಡಿಯ ಮರದ ರೀಪು ಪಕ್ಕಾಸು ಬದಲಿಸುವ ಖರ್ಚು, ಒಡೆದ ಹಂಚು ತೆಗೆದು ಹಾಕುವ ಕೂಲಿ ಎಲ್ಲ ಬರ್ಲಿ, ಯಾಕಂದ್ರೆ ಹಂಚು ಅಗ್ಗ ಅಂತ ಸುಮ್ಮನೆ ಹೇಳಿದ್ರೆ ನಾನಂತೂ ಒಪ್ಪುದಿಲ್ಲ.

ಒಂದು ದೊಡ್ಡ ತಪ್ಪು ಉಂಟು. 30 ವರ್ಷದ ಖರ್ಚನ್ನು ನೀವು ಸೀದಾ ಕೂಡಿಸಿದ್ದೀರಿ. 20 ವರ್ಷದ ನಂತರ ಬರುವ 1 ಲಕ್ಷ ರೂಪಾಯಿಯ ರಿಪೇರಿಗೆ ಶೇ. 8ರ ಬಡ್ಡಿ ದರದಲ್ಲಿ ಇವತ್ತು ತೆಗೆದಿಡಬೇಕಾದ್ದು ಸುಮಾರು 21,500 ರೂಪಾಯಿ, ಶೇ. 4 ಹಿಡಿದ್ರೆ ಸುಮಾರು 45,600. ದರ ಬದಲಾದ್ರೆ ಯಾವ ಮಾಡು ಲಾಭ ಅನ್ನುವ ತೀರ್ಮಾನವೇ ತಲೆಕೆಳಗಾಗಬಹುದು, ಹಾಗಾಗಿ ಯಾವ ದರ, ಯಾಕೆ, ಬೆಲೆಯೇರಿಕೆ ಸೇರಿಸಿದ್ದೀರಾ ಇಲ್ವಾ, ಎಲ್ಲ ಬಿಡಿಸಿ ಬರೀರಿ.

ಮೊಬೈಲ್ ಬ್ಯಾಂಕಿಂಗ್ ಭಾಗ ಸದ್ಯಕ್ಕೆ ಬದಿಗಿಡಿ. ಫ್ರೆಡ್ ಡೇವಿಸ್ 1989ರಲ್ಲಿ ಹೇಳಿದ್ದು, ಉಪಯೋಗ ಉಂಟು, ಬಳಸ್ಲಿಕ್ಕೆ ಸುಲಭ ಅಂತ ಅನಿಸಿದ್ರೆ ಜನ ಹೊಸ ತಂತ್ರಜ್ಞಾನ ಒಪ್ತಾರೆ ಅಂತ, ಅದಕ್ಕೆ ಎರಡು ಸಾಲು ಸಾಕು, ನೀವು ಪುಟಗಟ್ಟಲೆ ಬರೆದಿದ್ದೀರಿ. ಅದಕ್ಕಿಂತ ಕಷ್ಟದ ವಿಷಯ ಸರ್ವೆಯದ್ದು, ಗೂಗಲ್ ಫಾರ್ಮ್ ಲಿಂಕನ್ನು ವಾಟ್ಸಾಪಿನಲ್ಲಿ ಕಳಿಸಿದ್ರೆ ಉತ್ತರ ಕೊಡುವವರೆಲ್ಲ ಮೊದಲೇ ಸ್ಮಾರ್ಟ್‌ಫೋನ್ ಇರುವವರು, ಬಳಸದವರು ಯಾಕೆ ಬಳಸುದಿಲ್ಲ ಅಂತ ನಿಮಗೆ ಗೊತ್ತಾಗುದು ಹೇಗೆ? ಮಲ್ಪೆಗೆ ಹೋಗಿ, ಇಲ್ಲಿ ಮಂಗಳೂರು ಬಂದರಿನ ದಕ್ಕೆಗೆ (ದೋಣಿ ನಿಲ್ಲುವ ಕಟ್ಟೆ) ಹೋಗಿ, ಮೀನು ಮಾರುವ ಹೆಂಗಸರ ಹತ್ರ ಕೂತು ಕೇಳಿ, ಎದುರಿಗಿಟ್ಟ ಕ್ಯೂಆರ್ ಕೋಡು ಯಾರ ಖಾತೆದ್ದು, ಅವರದ್ದಾ ಮಗನದ್ದಾ ಅಂತ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಶುರು ಮಾಡಿ ಮನೆಬಾಗಿಲಿಗೆ ಬಂದು ಚಿಲ್ಲರೆ ಉಳಿತಾಯ ಕಟ್ಟಿಸಿಕೊಂಡದ್ದು, ಯುಪಿಐ ಬಂದದ್ದು 2016ರಲ್ಲಿ. ದಿನಾ ಬರುವ ಪಿಗ್ಮಿಯವರ ಮೇಲಿದ್ದ ನಂಬಿಕೆ ಫೋನಿನ ಮೇಲೆ ಬಂದಿದೆಯಾ, ಇದು ಈ ಊರಲ್ಲೇ ಕೇಳಬೇಕಾದ ಪ್ರಶ್ನೆ, ನಿಮ್ಮ ಲೇಖನದಲ್ಲಿ ಪಿಗ್ಮಿ ಅನ್ನುವ ಮಾತೇ ಇಲ್ಲ.

ಮೊದಲು ಕಟ್ಟಡದ್ದು ಬರೀರಿ. ಒಂದೇ ಮನೆ ಹಿಡಿದ್ರೆ ಸಾಕು, ರಿಪೇರಿಯ ಹಳೇ ಬಿಲ್ಲು ಸಿಕ್ಕಿದಷ್ಟು ಒಟ್ಟು ಮಾಡಿ, ಲೆಕ್ಕದ ಎಕ್ಸೆಲ್ ಶೀಟೂ ಜೊತೆಗೆ ಕಳಿಸಿ, ನಾನೇ ಕೂತು ನೋಡ್ತೇನೆ.